ಕಯೋಟಿ ಕಥೆಗೊಂದು ಮರುದನಿ

ಮೂಲನಿವಾಸಿಗಳ ಸಿಲೆಟ್ಜ್ ಊರಿನಲ್ಲಿ ಮೇಲ್‌ಹೊಳೆ ಜನರ ಭಾಷೆ ಬಲ್ಲವಳು ಅಯೋನಜ್ಜಿ ಒಬ್ಬಳೇ ಉಳಿದಿದ್ದಳು. ಬೈಯಬೇಕೆಂದರೂ ಆ ಮಾತಿನಲ್ಲಿ ಬೈಸಿಕೊಳ್ಳುವವರು ಇರಲಿಲ್ಲ. ಹಾಗಾಗಿ ಯೂನಿವರ್ಸಿಟಿಯ ಹುಡುಗ ರೆಕಾರ್ಡರ್ ಹೊತ್ತುಕೊಂಡು ಬಂದಾಗ ಮುದುಕಿಗೆ ಒಳಗೊಳಗೇ ಖುಷಿ.

ಮೊದಮೊದಲು ಎಲ್ಲ ಆಟದಂತೆ ನಡೆಯಿತು. ಅವನು ಮೇಜಿನ ಮೇಲೆ ಕೋಲು, ಕಲ್ಲು, ಹಗ್ಗ ಇಟ್ಟು, 'ಕೊಡು' ಎನ್ನಲು ಏನೆನ್ನುತ್ತೀರಿ ಎಂದು ಕೇಳಿದ. ಅವಳು ಒಂದೊಂದಕ್ಕೂ ಒಂದೊಂದು ಮಾತು ಹೇಳಿದಳು.

"ಕೊಡೋದು ಎಲ್ಲಾ ಒಂದೇ ಅಲ್ವಾ ಅಮ್ಮಾ?"

"ಅದ್ಹೆಂಗೆ ಒಂದಾಗುತ್ತಪ್ಪಾ? ಉದ್ದಕ್ಕಿರೋದು ಬೇರೆ, ಗುಂಡಗಿರೋದು ಬೇರೆ. ಮಗೂನ ಎತ್ತಿ ಕೊಡೋ ಹಂಗೆ ಕಲ್ಲು ಕೊಡ್ತೀಯಾ ನೀನು?"

ಹುಡುಗ ನಕ್ಕು ಬರೆದುಕೊಂಡ. ಆದರೆ ಅಜ್ಜಿಯ ಜೀವವೆಲ್ಲ ಕಥೆಯ ಮೇಲಿತ್ತು. ಕಯೋಟಿ ನರಿ ಹೊಳೆಗೆ ಸಾಲ್ಮನ್ ಮೀನು ತಂದ ಕಥೆ, ಅವಳ ಅಜ್ಜಿ ಹೇಳಿದ್ದು. ಕಥೆ ಹೇಳುವುದು ಚಳಿಗಾಲದಲ್ಲಿ ಮಾತ್ರ. ಚಳಿ ಮುಗಿದು ಕಪ್ಪೆ ಕೂಗಿತೆಂದರೆ ಬಾಯಿ ಮುಚ್ಚಬೇಕು. ಮುಂದಿನ ಚಳಿಗಾಲಕ್ಕೆ ತಾನಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಒಂದು ಸಂಜೆ ಶುರು ಮಾಡಿದಳು. ಒಂದು ಮಾತು ಹೇಳಿ ಸುಮ್ಮನಾದಳು. ಹುಡುಗ ತುಟಿಯ ಮೇಲೆ ಬೆರಳಿಟ್ಟು ಮೊಮ್ಮಗಳು ಡೆಲ್ಫೀನಳತ್ತ ನೋಡಿದ. ಒಲೆಯ ಬಳಿ ಹೊಗೆಯಲ್ಲಿ ಒಣಗಿಸಿದ ಮೀನು ಬಿಡಿಸುತ್ತಿದ್ದ ಅವಳು ಉಸಿರು ಬಿಗಿಹಿಡಿದು ಕೂತಳು. ಅಜ್ಜಿ ಮತ್ತೆ ಅದೇ ಮಾತು ಹೇಳಿ ಕಾದಳು. ಇನ್ನೊಮ್ಮೆ ಹೇಳಿದಳು. ಎದ್ದೇಬಿಟ್ಟಳು.

"ಏನಾಯ್ತಜ್ಜಿ? ಮರ್ತೋಯ್ತಾ?" ಡೆಲ್ಫೀನ್ ಕೇಳಿದಳು.

"ಮರೆಯೋಕೆ ನಾನೇನು ನೀನಾ? ನಮ್ಮಜ್ಜಿ ಒಂದು ಮಾತಂದ್ರೆ ಮಕ್ಕಳೆಲ್ಲಾ ಅದನ್ನೇ ತಿರುಗಿ ಅನ್ಬೇಕಿತ್ತು. ಆಮೇಲೇ ಮುಂದಿನ ಮಾತು. ಇಲ್ಯಾರು ಅಂತಾರೆ, ಈ ಡಬ್ಬಾನಾ?"

ಹುಡುಗ ಪೆಚ್ಚಾದ. "ಟೇಪಲ್ಲಿ ನಿಮ್ಮ ದನಿ ಮಾತ್ರ ಇರ್ಲಿ ಅಂತ..."

ಡೆಲ್ಫೀನಳಿಗೆ ಆ ಭಾಷೆಯ ಒಂದಕ್ಷರ ಬಾರದು. ಅದನ್ನು ಆಡಿದ್ದಕ್ಕೆ ಸ್ಕೂಲಿನಲ್ಲಿ ತಾನು ತಿಂದ ಏಟು ಇವಳಿಗೂ ಬೀಳಬಾರದೆಂದು ಅಜ್ಜಿಯೇ ಕಲಿಸಿರಲಿಲ್ಲ. ಅವಳು ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು.

"ಹೇಳಜ್ಜಿ. ನಾನಂತೀನಿ."

ಅಜ್ಜಿ ಹೇಳಿದ್ದನ್ನು ತಿರುಗಿ ಅಂದಳು, ಹೇಗೋ. ಅಜ್ಜಿ ಬಿದ್ದು ಬಿದ್ದು ನಕ್ಕಳು. "ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡಿದೀಯೇನೇ?" ಸರಿಯಾಗುವವರೆಗೆ ಬಿಡಲಿಲ್ಲ. ಕಥೆ ಮುಗಿಯುವಷ್ಟರಲ್ಲಿ ಅಜ್ಜಿಯ ದನಿ ಸೋತಿತ್ತು, ಮುಖ ಮಾತ್ರ ಹಗುರಾಗಿತ್ತು.

ಆ ವರ್ಷ ಕಪ್ಪೆ ಕೂಗುವ ಮುಂಚೆಯೇ ಅಜ್ಜಿ ಹೋದಳು.

ಈಗ ಡೆಲ್ಫೀನಳಿಗೂ ಮೊಮ್ಮಕ್ಕಳು. ಚಳಿ ಬಿದ್ದೊಡನೆ ಅವರನ್ನು ಕೂರಿಸಿಕೊಂಡು ಟೇಪು ಹಾಕುತ್ತಾಳೆ. ಅಜ್ಜಿಯ ಮಾತು ಬಂದು ನಿಲ್ಲುತ್ತದೆ. ಟೇಪಿನೊಳಗಿನ ಎಳೆಯ ಡೆಲ್ಫೀನ್ ತಡವರಿಸುವ ಮುಂಚೆಯೇ ಮಕ್ಕಳೆಲ್ಲ ಒಟ್ಟಿಗೆ ಅದನ್ನು ಅನ್ನುತ್ತಾರೆ. ಅಜ್ಜಿ ಮುಂದಿನ ಮಾತು ಹೇಳುತ್ತಾಳೆ.