ಥ್ಯಾಂಕ್ಸ್ ಹೇಳಬಾರದ ಮದ್ದು

"ಕಿವಿ ಅಲ್ಲ ಮಾರಾಯ, ದವಡೆ! ದವಡೆ ಹಿಡ್ಕೋ!" ಎಂದು ಅಕ್ಕ ಡಿಂಪ್ನಾ ಕೂಗುವಷ್ಟರಲ್ಲಿ ಕಡಸು ನನ್ನ ಹೆಬ್ಬೆರಳನ್ನು, ದನ ಅಲುಗಾಡದಂತೆ ನಿಲ್ಲಿಸುವ ಕಬ್ಬಿಣದ ಪಂಜರಕ್ಕೆ ಒತ್ತಿ ತನ್ನ ಅಭಿಪ್ರಾಯ ತಿಳಿಸಿಯಾಗಿತ್ತು. ನಾನು ದವಡೆ ಹಿಡಿದೆ. ಅಕ್ಕ ಅದರ ಮೂಗಿಗೆ ಸಿಕ್ಕಿಸಿದ್ದ ಹಳದಿ ಪ್ಲಾಸ್ಟಿಕ್ ತಟ್ಟೆಯನ್ನು ತಿರುಚಿ ಕಿತ್ತಳು. ಆ ತಟ್ಟೆ ಇದ್ದಷ್ಟು ದಿನ ಕರು ತಾಯಿಯ ಪಕ್ಕದಲ್ಲೇ ಇರಬಹುದು, ಹುಲ್ಲು ಮೇಯಬಹುದು, ಕೆಚ್ಚಲಿಗೆ ಮಾತ್ರ ಬಾಯಿ ಹಾಕುವಂತಿಲ್ಲ. ಹಾಲು ಬಿಡಿಸುವುದಕ್ಕೆ ಇದಕ್ಕಿಂತ ಸೌಮ್ಯವಾದ ದಾರಿ ಇಲ್ಲ ಎಂದು ತಟ್ಟೆ ಮಾರುವವರು ಹೇಳುತ್ತಾರೆ. ಕರುಗಳನ್ನು ಕೇಳಿದವರಿಲ್ಲ.

ತಟ್ಟೆ ಬಂತು. ಅದರ ಜೊತೆ ಡಿಂಪ್ನಾಳ ಕೈಗೆ ಕಡಸಿನ ಕೆನ್ನೆಯ ಒಂದಿಷ್ಟು ಕೂದಲೂ ಬಂತು. ಕೂದಲು ಇದ್ದ ಜಾಗದಲ್ಲಿ ಬೂದಿ ಮೆತ್ತಿದಂಥ ದುಂಡನೆಯ ಕಲೆ. ಕಣ್ಣಿನ ಕೆಳಗೆ ಇನ್ನೊಂದು. ಕುತ್ತಿಗೆಯಲ್ಲಿ ಮತ್ತೆರಡು.

"ಹುಳುಕಡ್ಡಿ," ಎಂದೆ.

"ನಂಗೂ ಕಣ್ಣಿದೆ ಫಿಂಟನ್."

ಇದ್ದೇ ಇತ್ತು. ಆ ಕಣ್ಣಲ್ಲಿ ಇನ್ನೇನು ನೀರು ಬರುವುದರಲ್ಲಿತ್ತು. ನಾನು ಪಂಜರದ ಚಿಲಕವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ನಮ್ಮ ಹಸುಗಳನ್ನು ಯಾರೂ ಕರೆಯುವುದಿಲ್ಲ. ಹಾಲೆಲ್ಲ ಕರುವಿಗೆ, ಕರು ಕಟುಕನಿಗೆ, ಚೆನ್ನಾಗಿ ಬಂದ ಹೆಣ್ಣುಗರು ಮಾತ್ರ ಮಂದೆಗೆ. ಚೆನ್ನಾಗಿ ಬರುವುದು ಅಂದರೆ ಏನು ಎಂಬುದರ ಮೇಲೆಯೇ ಡಿಂಪ್ನಾ ತನ್ನ ಯೌವನವನ್ನೆಲ್ಲ ಖರ್ಚು ಮಾಡಿದ್ದಳು. ಮದುವೆಗೆ ಬಂದ ಗಂಡುಗಳನ್ನು ಒಂದು ನೋಟದಲ್ಲಿ ಸಾಗಹಾಕಿದವಳು, ಗೂಳಿಗಳ ಕ್ಯಾಟಲಾಗಿನ ಒಂದೊಂದು ಪುಟದ ಮುಂದೆ ಒಂದೊಂದು ಸಂಜೆ ಕೂರುತ್ತಿದ್ದಳು. ಕೊನೆಗೂ ಹುಟ್ಟಿದ್ದು ಈ ಕಡಸು: ಬೆನ್ನು ಮೇಜಿನಂತೆ, ಹಿಂಭಾಗ ಬೇಕರಿಯ ಬ್ರೆಡ್ಡಿನಂತೆ. ಲೀಟ್ರಿಮ್ ಜಿಲ್ಲೆಯ ದನಗಳ ಪ್ರದರ್ಶನಕ್ಕೆ ಎರಡು ವಾರವಿತ್ತು. ಹಾಲು ಬಿಟ್ಟ ಕರುಗಳ ವಿಭಾಗದಲ್ಲಿ ಒಂದು ಕರು ಜನ್ಮದಲ್ಲಿ ಒಂದೇ ಸಲ ನಿಲ್ಲಬಹುದು. ಹಸಿ ಹುಳುಕಡ್ಡಿ ಇರುವ ಕರುವನ್ನು ಗೇಟಿನಲ್ಲೇ ತಿರುಗಿಸಿ ಕಳಿಸುತ್ತಾರೆ.

ಕಡಸಿನ ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರ ತಾಯಿ ಕೆಂಪು. ಡಿಂಪ್ನಾ ಕ್ಯಾಟಲಾಗಿನಿಂದ ಆರಿಸಿ, ವೀರ್ಯ ತರಿಸಿ ಹಸುವಿಗೆ ಇಂಜೆಕ್ಷನ್ ಕೊಡಿಸಿದ ಗೂಳಿಯೂ ಕೆಂಪು. ಹುಟ್ಟಿದ್ದು ಕೆನೆಬಣ್ಣ. ಪಕ್ಕದ ಹೊಲದ ಮ್ಯಾಲಕಿಯ ಗೂಳಿ ಕೆನೆಬಣ್ಣದ್ದು. ಇಂಜೆಕ್ಷನ್ ಕೊಡಿಸಿದ ಆ ಬೇಸಿಗೆಯಲ್ಲೇ ಅದು ಬೇಲಿ ಮುರಿದು ಬಂದು, ಬೆಳಗ್ಗೆ ನಾವು ನೋಡಿದಾಗ ನಮ್ಮ ಹಸುಗಳ ನಡುವೆ ಊಟ ಮುಗಿಸಿದ ನೆಂಟನಂತೆ ನಿಂತಿತ್ತು.

"ಅಜ್ಜಿ ಬಣ್ಣ ಬಂದಿದೆ," ಎಂದು ಡಿಂಪ್ನಾ ಘೋಷಿಸಿದಳು. ಹೌದು ಹೌದು, ಅಜ್ಜಿಯ ಬಣ್ಣ ಎಂದು ಊರೆಲ್ಲ ತಲೆಯಾಡಿಸಿತು. ಅಜ್ಜಿ ಹಸು ಕಪ್ಪಗಿತ್ತು.

ಬೇಲಿಯ ವಿಷಯ ಕೇಳಲು ಡಿಂಪ್ನಾ ಹೋದಾಗ ಮ್ಯಾಲಕಿ, "ಬೇಲಿ ಬೀಳ್ಸಿದ್ದು ನಿನ್ನ ಹಸುಗಳು. ನನ್ನ ಗೂಳಿ ಪಾಪ, ಕರೆದವರ ಮನೆಗೆ ಹೋಗುತ್ತೆ," ಎಂದಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಚರ್ಚಿಗೆ ಎರಡು ಬಾಗಿಲುಗಳನ್ನು ಏಕೆ ಇಟ್ಟಿದ್ದಾರೆ ಎಂಬುದು ನನಗೆ ಆಮೇಲೆ ಅರ್ಥವಾಯಿತು.

ಪಶುವೈದ್ಯೆ ಓರ್ಲಾ ಬಂದು ಕೈಗವಸು ಹಾಕಿಕೊಂಡು ಕಲೆಗಳನ್ನು ನೋಡಿದಳು. ಹಾಲು ಬಿಡಿಸಿದ ಸಂಕಟದಲ್ಲಿ ಮೈ ಸೋತಾಗ ಇದು ಏಳುತ್ತದೆ, ಉಳಿದ ಕರುಗಳಿಂದ ಬೇರೆ ಕಟ್ಟಿ, ಪಂಜರ ತೊಳೆಯಿರಿ, ನಿಮ್ಮ ಮೈಗೂ ಹತ್ತುತ್ತದೆ ಹುಷಾರು, ಎಂದಳು. ಹಚ್ಚಲು ಔಷಧಿ ಕೊಟ್ಟಳು.

"ಎಷ್ಟು ದಿನಕ್ಕೆ ಹೋಗುತ್ತೆ?" ಡಿಂಪ್ನಾ ಕೇಳಿದಳು.

"ಒಂದೆರಡು ತಿಂಗಳು. ಹಚ್ಚದಿದ್ರೂ ಅಷ್ಟೇ."

"ಎರಡು ವಾರದಲ್ಲಿ ಹೋಗ್ಬೇಕು."

ಓರ್ಲಾ ಕೈಗವಸು ಕಳಚಿದಳು. ಹಿಂದೆ ಮುಂದೆ ನೋಡಿದಳು. ಅಲ್ಲಿ ನಾವಿಬ್ಬರು ಮತ್ತು ಹದಿನಾಲ್ಕು ಕರುಗಳು ಬಿಟ್ಟರೆ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿ, "ಮ್ಯಾಲಕಿ ಹತ್ರ ಯಾಕೆ ಹೋಗ್ಬಾರ್ದು?" ಎಂದಳು.

"ಡಬ್ಲಿನ್‌ನಲ್ಲಿ ಐದು ವರ್ಷ ಓದಿ ಬಂದವಳು ಹೇಳೋ ಮಾತಾ ಇದು?"

"ಓದಿದ್ದು ಓದಿದ್ದೇ. ನಂಗೆ ಕುತ್ತಿಗೆ ಮೇಲೆ ಎದ್ದಾಗ ಅಮ್ಮ ಅವನ ಹತ್ರಾನೇ ಕರ್ಕೊಂಡು ಹೋಗಿದ್ಳು. ನೋಡು, ಕಲೆ ಇದ್ಯಾ?"

ಇರಲಿಲ್ಲ. ವಿಜ್ಞಾನ ತನ್ನ ಕಾರು ಹತ್ತಿ ಹೊರಟುಹೋಯಿತು.

ಹುಳುಕಡ್ಡಿಯ ಮದ್ದು ಮ್ಯಾಲಕಿಗೆ ತಾಯಿಯಿಂದ ಬಂದದ್ದು. ಹೆಬ್ಬೆರಳನ್ನು ಎಂಜಲು ಮಾಡಿಕೊಂಡು ಕಲೆಯ ಸುತ್ತ ಗೆರೆ ಎಳೆದು ಏನನ್ನೋ ಗೊಣಗುತ್ತಾನೆ. ಬೇರೆ ಬೇರೆ ದಿನ ಮೂರು ಸಲ ಹಾಗೆ ಮಾಡಬೇಕು. ಮದ್ದಿಗೆ ಕಟ್ಟುಪಾಡುಗಳಿವೆ. ಬೇಕಾದವರು ಸ್ವಂತ ಬಾಯಲ್ಲಿ ಕೇಳಬೇಕು. ಕೇಳಿದವರಿಗೆ ಅವನು ಇಲ್ಲ ಎನ್ನುವಂತಿಲ್ಲ. ಕೊಟ್ಟರೆ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವನಿಗೆ ಥ್ಯಾಂಕ್ಸ್ ಹೇಳಬಾರದು. ಹೇಳಿದರೆ ಹೋದ ರೋಗ ಮರಳಿ ಬರುತ್ತದೆ. ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ, ದಂಡ ಹಾಕಿದ ಪೊಲೀಸನಿಗೆ, ಹಲ್ಲು ಕಿತ್ತ ಡಾಕ್ಟರಿಗೆ ಥ್ಯಾಂಕ್ಸ್ ಹೇಳುವ ಜನ ನಾವು. ಈ ನಾಡಿನಲ್ಲಿ ಅರ್ಧ ಮಂದಿಯ ಚರ್ಮ ಉಳಿಸಿದ ಮ್ಯಾಲಕಿಗೆ ಮಾತ್ರ ಹುಟ್ಟಿದಾಗಿನಿಂದ ಯಾರೂ ಹೇಳಿಲ್ಲ. ಮುಖ ಹುಳಿ ಮಾಡಿಕೊಂಡು ತಿರುಗುತ್ತಾನೆ ಎಂದು ಅವನನ್ನು ದೂರುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಥ್ಯಾಂಕ್ಸ್ ಹೇಳ್ಲೇಬಾರ್ದಾ?" ಡಿಂಪ್ನಾ ಕೇಳಿದಳು.

"ಅಪ್ಪಿತಪ್ಪಿಯೂ ಹೇಳ್ಬಾರ್ದು," ಎಂದೆ.

"ಹಾಗಿದ್ರೆ ಹೋಗ್ತೀನಿ."

ಮ್ಯಾಲಕಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಡಿಂಪ್ನಾ ಅವನ ತಲೆಯ ಮೇಲಿನ ಹೆಂಚಿಗೆ ಹೇಳಿದಳು: "ಕರುವಿಗೆ ಹುಳುಕಡ್ಡಿ. ಮದ್ದು ಬೇಕು."

"ಯಾವ ಕರುವಿಗೆ?"

"ಯಾವ್ದೋ ಒಂದು."

"ಕೆನೆಬಣ್ಣದ್ದಾ?"

"ಬಣ್ಣಕ್ಕೆ ಕೊಡ್ತೀಯೋ ರೋಗಕ್ಕೆ ಕೊಡ್ತೀಯೋ?"

"ಕೇಳ್ದೆ ಅಷ್ಟೇ. ಅಜ್ಜಿಗೂ ಇತ್ತೇನೋ ಅಂತ."

ಅದೇ ಸಂಜೆ ಬಂದ. ಕೊಟ್ಟಿಗೆಗೆ ಕಾಲಿಟ್ಟವನು ನಮ್ಮಲ್ಲಿ ಎಲ್ಲರೂ ಮಾಡುವಂತೆ, "ದೇವರು ಚೆನ್ನಾಗಿಟ್ಟಿರಲಿ," ಎಂದು ಕರುವನ್ನು ಹರಸಿದ. ಅದರ ಒಡತಿಯನ್ನು ಸೇರಿಸಲಿಲ್ಲ. ಗೆರೆ ಎಳೆದ, ಗೊಣಗಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕಡಸಿನ ಹಿಂಭಾಗವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಅಲ್ಲಿ ಹುಳುಕಡ್ಡಿ ಇರಲಿಲ್ಲ.

ಎರಡನೆಯ ಸಲ ಬಂದಾಗ ಕಲೆಗಳು ಒಣಗಿ ಹೊಟ್ಟು ಉದುರುತ್ತಿತ್ತು. ಔಷಧಿಯಿಂದಲೋ, ಹಗಲು ಬಿಸಿಲಿಗೆ ಕಟ್ಟಿದ್ದರಿಂದಲೋ, ಎಂಜಲಿನಿಂದಲೋ ಹೇಳುವವರು ಯಾರು? ಡಿಂಪ್ನಾ ತುಟಿಗಳನ್ನು ಹೊಲಿದವಳಂತೆ ನಿಂತಿದ್ದಳು. ಅವನು ಗೇಟು ತೆರೆದು ಹಿಡಿದರೆ ಇವಳು ಬೇಲಿ ಹತ್ತಿ ದಾಟುತ್ತಿದ್ದಳು. ಬಕೆಟ್ಟು ಎತ್ತಿಕೊಟ್ಟರೆ ನನ್ನ ಕೈಗೆ ಕೊಡಿಸುತ್ತಿದ್ದಳು. ಎಲ್ಲಿ ಬಾಯಿ ತಪ್ಪಿಬಿಡುತ್ತದೋ ಎಂದು.

ಮೂರನೆಯ ಸಲ ಮಳೆ ನಿಂತು ಅಂಗಳ ಸೆಗಣಿಯಲ್ಲಿ ಜಾರುತ್ತಿತ್ತು. ಮ್ಯಾಲಕಿ ಗೊಣಗಾಟ ಮುಗಿಸಿ ಟೋಪಿ ಹಾಕಿಕೊಂಡ. ಕಲೆಗಳಲ್ಲಿ ಪೀಚ್ ಹಣ್ಣಿನ ಸಿಪ್ಪೆಯ ಮೇಲಿನಂಥ ನವಿರು ಕೂದಲು ಬಂದಿತ್ತು. ಡಿಂಪ್ನಾ ಅದನ್ನು ನೋಡಲು ಸಡಗರದಿಂದ ಹೆಜ್ಜೆ ಎತ್ತಿದಳು, ಕಾಲು ಜಾರಿತು. ಮ್ಯಾಲಕಿ ಮೊಣಕೈ ಹಿಡಿದು ನಿಲ್ಲಿಸಿದ.

"ಥ್ಯಾಂಕ್ಸ್ ಮ್ಯಾಲಕಿ," ಎಂದಳು ನನ್ನ ಅಕ್ಕ.

ಕರುಗಳೂ ಮೆಲುಕು ನಿಲ್ಲಿಸಿದವು ಎಂದು ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ. ಡಿಂಪ್ನಾ ಬಾಯಿಗೆ ಕೈ ಅಡ್ಡ ಹಿಡಿದಳು. ಮ್ಯಾಲಕಿಯ ಮುಖ ನೋಡಬೇಕಿತ್ತು: ಬದುಕಿನಲ್ಲಿ ಮೊದಲ ಸಲ ಸಿಕ್ಕ ಸಿಹಿಯನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಒದ್ದಾಡುವ ಮಗುವಿನ ಮುಖ.

"ಅದು ಕೈ ಹಿಡಿದದ್ದಕ್ಕೆ ಹೇಳಿದ್ದು," ಎಂದೆ ನಾನು. "ಮದ್ದಿಗಲ್ಲ."

"ಮದ್ದಿಗೆ ಅದೆಲ್ಲ ಗೊತ್ತಾಗಲ್ಲ," ಎಂದ ಮ್ಯಾಲಕಿ. "ಮತ್ತೆ ಮೊದಲಿಂದ ಶುರು ಮಾಡ್ಬೇಕು."

"ಪ್ರದರ್ಶನ ಭಾನುವಾರ!" ಡಿಂಪ್ನಾಳ ದನಿ ಒಡೆಯಿತು. "ಅದಕ್ಕೆ ಇರೋದೇ ಒಂದು ಭಾನುವಾರ ಮ್ಯಾಲಕಿ."

ಅವನು ಕಡಸನ್ನು ನೋಡಿದ. ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಮ್ಮ ಒಂದ್ಸಲ ಹೇಳಿದ್ಳು. ಥ್ಯಾಂಕ್ಸ್ ವಾಪಸ್ ತಗೋಬಹುದಂತೆ."

"ಹೇಗೆ?"

"ಬೈದು. ಕೊಟ್ಟಿದ್ದಕ್ಕಿಂತ ಜಾಸ್ತಿ ಬೈಬೇಕು. ಮನಸಾರೆ."

ದೇವರು ಕಣ್ಣು ತೆರೆಯುವುದು ಎಂದರೆ ಇದೇ ಇರಬೇಕು. ಡಿಂಪ್ನಾ ತೋಳು ಮಡಿಸಿದಳು. "ಕಳ್ಳ ನನ್ಮಗನೇ," ಎಂದು ಮೆಲ್ಲಗೆ ಶುರು ಮಾಡಿದಳು, ರುಚಿ ನೋಡುವವಳಂತೆ. "ಬೇಲಿ ಕಟ್ಟೋಕೆ ಬರದ ಸೋಮಾರಿ! ನನ್ನ ಹಸುಗಳ ಮೇಲೆ ಅಪವಾದ ಹೊರಿಸಿದೆಯಲ್ಲೋ, ನಾಲಿಗೆಗೆ ಹುಳುಕಡ್ಡಿ ಏಳ್ಲಿಲ್ವಾ? ಕ್ಯಾಟಲಾಗಿನ ನೂರು ಗೂಳಿಯೊಳಗೆ ಒಂದನ್ನ ಆರಿಸಿಟ್ಟಿದ್ದೆ ನಾನು! ಎಲ್ಲಾ ಹಾಳು ಮಾಡ್ದೆ! ನಾನು ಇಷ್ಟು ವರ್ಷ ಪುಸ್ತಕ ನೋಡಿ ನೋಡಿ ಹುಟ್ಟಿಸೋಕಾಗದ ಕರುವನ್ನ ನಿನ್ನ ಆ ಬೇಲಿಮುರುಕ, ಕುರುಡು, ಗತಿಗೆಟ್ಟ ಗೂಳಿ ಒಂದೇ ರಾತ್ರೀಲಿ ಹುಟ್ಟಿಸ್ತಲ್ಲೋ! ಅದರ ಬೆನ್ನು, ಅದರ ತೊಡೆ, ಅದರ ನಡಿಗೆ, ಎಲ್ಲಾ ಆ ದರಿದ್ರದ್ದೇ! ನಾಚಿಕೆ ಆಗಲ್ವಾ ನಿಂಗೆ?"

ಕೊನೆಗೆ ಉಸಿರು ತೆಗೆದುಕೊಳ್ಳಲು ನಿಂತಳು. ಮ್ಯಾಲಕಿಯ ಕಿವಿಗಳು ಕೆಂಪಾಗಿದ್ದವು. ಬೈಗುಳದಿಂದ ಯಾರಾದರೂ ಅಷ್ಟು ಸುಖಪಟ್ಟದ್ದನ್ನು ನಾನು ಬೇರೆ ಕಂಡಿಲ್ಲ.

"ಸಾಕಾ?" ಎಂದಳು.

"ಗೂಳಿ ವಿಷಯ," ಎಂದ ಅವನು, ನೆಲ ನೋಡುತ್ತ. "ಅದನ್ನ ಇನ್ನೊಂದ್ಸಲ ಹೇಳಿದ್ರೆ ಗಟ್ಟಿಯಾಗುತ್ತೆ."

"ತೊಲಗು!"

"ಹಾಂ. ಈಗ ಸರಿಹೋಯ್ತು," ಎಂದು ಅವನು ಹೊರಟ. ಗೇಟನ್ನು ತಾನೇ ಹಾಕಿಕೊಂಡು ಹೋದ.

ಭಾನುವಾರ ಪ್ರದರ್ಶನದ ಗೇಟಿನಲ್ಲಿ ನಿಂತ ದನದ ಡಾಕ್ಟರ್ ಕಡಸಿನ ಕೆನ್ನೆಯ ಮೇಲೆ ಬೆರಳಾಡಿಸಿದ. "ವಾಸಿಯಾಗಿದೆ. ಯಾವ ಔಷಧಿ ಹಚ್ಚಿದ್ರಿ?" ಎಂದು ಕೇಳಿದ. ಡಿಂಪ್ನಾ ಕೆಮ್ಮಿದಳು. ಒಳಗೆ ಬಿಟ್ಟರು. ಕಡಸು ಅಂಕಣದಲ್ಲಿ ಒಂದು ಸುತ್ತು ನಡೆಯಿತು. ತೀರ್ಪುಗಾರ ಎರಡನೆಯ ಸುತ್ತನ್ನು ಸೌಜನ್ಯಕ್ಕಷ್ಟೇ ನೋಡಿ, ಮೊದಲ ಬಹುಮಾನದ ಕೆಂಪು ರಿಬ್ಬನ್ನನ್ನು ಅದರ ಕೊರಳಪಟ್ಟಿಗೆ ಸಿಕ್ಕಿಸಿದ.

ನಮ್ಮಲ್ಲಿ ಗೆದ್ದವರು ಗೆದ್ದದ್ದಕ್ಕೆ ದಂಡ ಕಟ್ಟಬೇಕು. ಮೈಕ್ ಹಿಡಿದು ತೀರ್ಪುಗಾರರಿಗೆ, ಸಮಿತಿಗೆ, ಚಹಾ ಮಾಡಿದ ಹೆಂಗಸರಿಗೆ, ಪಾದ್ರಿಗೆ, ಹವಾಮಾನಕ್ಕೆ ಥ್ಯಾಂಕ್ಸ್ ಹೇಳಬೇಕು. ಹಾಗೆ ಹೇಳದೆ ಅಂಕಣ ಬಿಟ್ಟವರನ್ನು ನಾನು ಕಂಡಿಲ್ಲ. ಕಾರ್ಯದರ್ಶಿ ಯೂಜೀನ್ ನಗುತ್ತ ಬಂದು, "ಈ ಚಂದದ ಕರುವಿನ ಹಿಂದೆ ಯಾರ್ಯಾರಿದ್ದಾರೋ, ಅವರಿಗೆಲ್ಲ ಒಂದು ಥ್ಯಾಂಕ್ಸ್ ಹೇಳಿಬಿಡು ಡಿಂಪ್ನಾ," ಎಂದು ಮೈಕನ್ನು ಅವಳ ಬಾಯಿಗೆ ಹಿಡಿದ.

ಕಟಕಟೆಯ ಆಚೆ ಮ್ಯಾಲಕಿ ಇದ್ದ. ಇಸ್ತ್ರಿ ಮಾಡಿದ ಅಂಗಿ. ಟೋಪಿಯನ್ನು ಎದೆಗೆ ಒತ್ತಿ ಹಿಡಿದು, ಬೇಡ ಬೇಡ ಎಂಬಂತೆ ತಲೆಯನ್ನು ಇಷ್ಟಿಷ್ಟೇ ಆಡಿಸುತ್ತಿದ್ದ. ಅವನ ಕಣ್ಣುಗಳು ಮಾತ್ರ ತಲೆಗೆ ವಿರುದ್ಧವಾದದ್ದನ್ನು ಹೇಳುತ್ತಿದ್ದವು.

ಡಿಂಪ್ನಾ ಅವನನ್ನೇ ನೋಡಿದಳು. ಕಡಸಿನ ಕೆನ್ನೆಯ ಎಳೆಗೂದಲನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಹೇಳು, ಎರಡೇ ಮಾತು," ಎಂದ ಯೂಜೀನ್.

"ಇಲ್ಲ," ಎಂದಳು ಮೈಕಿನಲ್ಲಿ, ಇಡೀ ಮೈದಾನಕ್ಕೆ ಕೇಳುವಂತೆ. "ಒಬ್ಬರಿಗೂ ಹೇಳಲ್ಲ."