ಮೂಗಣ್ಣನ ಸಾಕ್ಷಿ

ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತಾರು ವರ್ಷ ದುಡಿದವನಿಗೆ ಮೂಗಣ್ಣ ಎಂಬ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ. ಗಂಟೆಗೊಮ್ಮೆ ಗಾಜಿನ ಲೋಟದಲ್ಲಿ ನೀರು ಹಿಡಿದು ಮೂಸದಿದ್ದರೆ ಆಸಾಮಿಗೆ ಸಮಾಧಾನವಿಲ್ಲ. ಕಂಪ್ಯೂಟರ್ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಕಿರಿಯರು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ, ನಕ್ಕವರ ಹಲ್ಲೇನು ಉದುರುವುದಿಲ್ಲವಲ್ಲ!

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಲೋಟ ಮೂಗಿನ ಹತ್ತಿರ ತಂದದ್ದೇ ತಡ, ಕಣ್ಣಲ್ಲಿ ನೀರು ಬಂತು. ಕ್ಲೋರಿನ್ ಘಾಟು! ಕಂಪ್ಯೂಟರಿನ ಪರದೆ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು. ಮೂಗಣ್ಣ ಓಡಿಹೋಗಿ ದೊಡ್ಡ ವಾಲ್ವನ್ನು ಕೈಯಾರೆ ತಿರುಗಿಸಿ, ಊರಿಗೆ ಹೋಗುವ ನೀರನ್ನೇ ನಿಲ್ಲಿಸಿಬಿಟ್ಟ. ಆದರೆ ದಾಖಲೆ ಪುಸ್ತಕದಲ್ಲಿ ಪರದೆ ತೋರಿಸಿದ ಅಂಕಿಯನ್ನೇ ಬರೆಯಬೇಕೆಂಬುದು ಇಲಾಖೆಯ ನಿಯಮ. ವಾಸನೆಗೆ ಅದರಲ್ಲಿ ಅಂಕಣವೇ ಇಲ್ಲ. ನಿಯಮ ಮೀರಿ ಗೊತ್ತಿಲ್ಲದ ಪುಣ್ಯಾತ್ಮ, ಅದೇ ಅಂಕಿ ಬರೆದು ಸಹಿಯನ್ನೂ ಹಾಕಿದ.

ಅದೇ ಅವನಿಗೆ ಮುಳುವಾಯಿತು. ಎರಡು ದಿನ ಊರಿಗೆ ನೀರಿಲ್ಲ. ತನಿಖೆ ಶುರುವಾಗುವಷ್ಟರಲ್ಲಿ ಕೆಟ್ಟ ನೀರನ್ನು ಚರಂಡಿಗೆ ಬಿಟ್ಟಾಗಿತ್ತು, ಸಾಕ್ಷಿಗೆ ಒಂದು ಹನಿಯೂ ಉಳಿದಿರಲಿಲ್ಲ. ತನಿಖಾಧಿಕಾರಿ ಪುಸ್ತಕ ಮುಂದಿಟ್ಟು, "ಎಲ್ಲ ಸರಿಯಿದೆ ಅಂತ ನೀನೇ ಬರ್ದಿದೀಯಲ್ಲಯ್ಯಾ, ಮತ್ಯಾಕೆ ಮುಚ್ಚಿದೆ?" ಎಂದ. ನೌಕರನ ತಪ್ಪು ಎಂದು ವರದಿಯಾಯಿತು. ಮೂಗಣ್ಣನ ಕೆಲಸ ಹೋಯಿತು, ಊರವರ ಶಾಪ ಉಳಿಯಿತು.

ಸರಕಾರಗಳು ಕಂಪ್ಯೂಟರಿನ ಮೂಲಕ ಗುಟ್ಟಾಗಿ ನಡೆಸುವ ಯುದ್ಧದ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಈ ವರ್ಷ ಅವನ ಮನೆ ಹುಡುಕಿಕೊಂಡು ಬಂದಳು. ಪರದೇಶದ ಸರಕಾರವೊಂದು ಸಾಕಿದ ಕಳ್ಳರು ಘಟಕದ ಕಂಪ್ಯೂಟರಿಗೆ ನುಗ್ಗಿ, ಕ್ಲೋರಿನ್ ಏರಿಸಿ, ಪರದೆಗೆ ಸುಳ್ಳು ಹೇಳಲು ಕಲಿಸಿದ್ದರು. ಅದರ ಗುರುತುಗಳೆಲ್ಲ ಅವಳ ಬಳಿ ಇದ್ದವು. ಇಲಾಖೆಗೂ ಗೊತ್ತಿತ್ತು. ಒಪ್ಪಿಕೊಂಡರೆ ಮಾನ ಹೋಗುತ್ತದಲ್ಲ, ಅದಕ್ಕೇ ಬಾಯಿಗೆ ಬೀಗ!

ಮೂಗಣ್ಣ ಎಲ್ಲವನ್ನೂ ಕ್ಯಾಮೆರಾದ ಮುಂದೆ ಹೇಳಿದ. ಚಿತ್ರ ತಯಾರಾದ ಮೇಲೆ ಹೆಂಡತಿಯೊಡನೆ ನೋಡಲು ಹೋದರೆ, ಮುಖ ಮಸುಕು, ದನಿ ಬೇರೆ.

"ಇದ್ಯಾರಮ್ಮ, ಕೊಡದೊಳಗೆ ತಲೆ ಸಿಕ್ಕಿಸ್ಕೊಂಡು ಮಾತಾಡ್ತಿರೋನು?"

"ನೀವೇ ಅಣ್ಣಾ. ಒಳಗಿನ ವಿಷಯ ಹೇಳಿದೋರು ಯಾರು ಅಂತ ಸಾಬೀತಾದ್ರೆ ಜೈಲಿಗೆ ಹಾಕ್ತೀವಿ ಅಂತ ಇಲಾಖೆ ನೋಟಿಸ್ ಕೊಟ್ಟಿದೆ. ನಮ್ಮ ವಕೀಲರು ಮುಖ ತೋರ್ಸೋಕೆ ಒಪ್ತಿಲ್ಲ."

"ಮುಖ ಮುಚ್ಕೊಳ್ಳೋಕೆ ನಾನೇನು ಕದ್ದಿದೀನಾ?"

ಹೆಂಡತಿ ಅವನ ಬಾಯಿ ಮುಚ್ಚಿಸಿದಳು. "ಬಡವನ ಸಿಟ್ಟು ದವಡೆಗೆ ಮೂಲ ಕಣ್ರೀ. ಹೇಳಿದ್ದಾಯ್ತಲ್ಲ, ಇನ್ನು ಸುಮ್ನಿರಿ."

ಭಾನುವಾರ ಊರಿನ ಸಭಾಂಗಣದಲ್ಲಿ ಪ್ರದರ್ಶನ. ನೆರೆಹೊರೆಯವರು, ಘಟಕದ ಕಿರಿಯರು, ಎಲ್ಲರೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಅದೇ ತನಿಖಾಧಿಕಾರಿ ಪೆನ್ನು ಹಿಡಿದು ಕುಳಿತಿದ್ದ. ಪರದೆಯ ಮೇಲೆ ಮಸುಕು ಮುಖ ಮಾತಾಡತೊಡಗಿತು.

ಹಿಂದಿನಿಂದ ಯಾರೋ, "ಬಿಡೋ, ಬರೀ ಸುಳ್ಳು. ನಿಜ ಹೇಳೋನು ಮುಖ ಯಾಕೆ ಮುಚ್ಕೊಳ್ತಾನೆ?" ಎಂದರು.

ಮೂಗಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದ. ಹೆಂಡತಿ ಅಂಗಿ ಹಿಡಿದೆಳೆದಳು, ಅವನು ಕೊಸರಿಕೊಂಡು ನಡೆದ. ಪರದೆಯ ಮುಂದೆ ನಿಂತಾಗ ಬೆಳಕು ನೇರ ಅವನ ಮುಖಕ್ಕೆ ಬಿತ್ತು. ಚಿತ್ರ ಮಾಡಿದವಳು ಅದರ ದನಿ ನಿಲ್ಲಿಸಿದಳು.

"ಇದು ನಾನೇ. ನೀರು ನಿಲ್ಸಿದ್ದೂ ನಾನೇ. ನನ್ನದೂ ಒಂದು ತಪ್ಪಿದೆ, ಒಪ್ಕೊಳ್ತೀನಿ. ಮೂಗು ಹೇಳಿದ್ದನ್ನ ಮಾಡ್ದೆ, ಕಂಪ್ಯೂಟರ್ ಹೇಳಿದ್ದನ್ನ ಬರ್ದೆ. ಆ ಸುಳ್ಳಿಗೆ ಸಹಿ ಹಾಕಿದ್ದಕ್ಕೆ ಮೂರು ವರ್ಷದಿಂದ ಮನಸ್ಸು ಕೊರೀತಿದೆ. ಆದ್ರೆ ವಾಲ್ವ್ ಮುಚ್ಚಿದ್ದಕ್ಕಲ್ಲ. ನಾಳೆ ಮತ್ತೆ ಆ ವಾಸನೆ ಬಂದ್ರೂ ಮುಚ್ತೀನಿ!"

ಅಧಿಕಾರಿ ಎದ್ದು ನಿಂತ. "ಇದರ ಪರಿಣಾಮ ಏನು ಗೊತ್ತೇನಯ್ಯಾ?"

"ಗೊತ್ತು ಸಾರ್. ಬರ್ಕೊಳ್ಳಿ." ತನ್ನ ಹೆಸರು, ಅಪ್ಪನ ಹೆಸರು, ಮನೆಯ ವಿಳಾಸ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. "ನಿಧಾನಕ್ಕೆ ಬರ್ಕೊಳ್ಳಿ, ನನಗೇನೂ ಅವಸರ ಇಲ್ಲ."

ಆಗ ಸಾಲಿನ ನಡುವಿನಿಂದ ಅವನ ಹೆಂಡತಿ ಎದ್ದಳು.

"ನನ್ನ ಹೆಸರೂ ಬರ್ಕೊಳ್ಳಿ ಸಾರ್. ಆವತ್ತು ಆ ನೀರು ಕುಡೀದೆ ಬದುಕಿ ಉಳಿದೋಳು ಅಂತ."

ಮೂರು ವರ್ಷದಿಂದ ಅವಳೊಡನೆ ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು. "ನಮ್ಮಿಬ್ಬರದೂ ಬರ್ಕೊಳ್ಳಿ."