ಯಾರೂ ಮುಟ್ಟದ ಮೀನು

ಯುದ್ಧ ಮುಗಿದು ಸಿಲೋನಿನ ಬಂದರಿನಿಂದ ಮಳವಳ್ಳಿಗೆ ಮರಳಿದ ಮೆಕ್ಯಾನಿಕ್ ಗೌಸ್ ಪೀರ್ ಎರಡು ಒಣಮೀನು ತಂದಿದ್ದ. ಅಂಗೈಗಿಂತ ಚಿಕ್ಕವು, ಚೂಪು ಮೂತಿ, ಬಿಳಿ ಬೆನ್ನಿನ ಮೇಲೆ ಎತ್ತಿಗೆ ಗೋಣಿ ಹೊದಿಸಿದ ಹಾಗೆ ಕರಿ ಪಟ್ಟೆ. ಗೋಡೆಯ ಮೊಳೆಗೆ ನೇತುಹಾಕಿ, ಬಂದವರಿಗೆಲ್ಲ ಕಥೆ ಹೇಳುತ್ತಿದ್ದ.

"ಒಂದು ಅಸಲಿ, ಒಂದು ನಕಲಿ ಕಣಕ್ಕ. ಅಸಲಿ ಎದರ್ಕಂಡ್ರೆ ನೀರು ಕುಡ್ದು ಚೆಂಡಿನಂಗೆ ಊದ್ಕತದೆ. ಹವಳದ ಸಂದೀಲಿ ಮದುವೆ ಗಂಡಿನಂಗೆ ನಿಧಾನಕ್ಕೆ ಓಯ್ತಿರ್ತದೆ, ದೊಡ್ಡ ಮೀನೂ ಮುಟ್ಟಾಕಿಲ್ಲ. ನಕಲಿ ಅದ್ರ ವೇಸ ಆಕ್ಕಂಡು ಬದುಕ್ಕತದೆ."

"ಯಾಕ್ಲಾ ಮುಟ್ಟಾಕಿಲ್ಲ?" ಎಂದಳು ಪಕ್ಕದ ಮನೆಯ ಪಟ್ಟಲಮ್ಮ.

ಅವನ ತಾಯಿ ಸುಲ್ತಾನ್ ಬೀ ಅಲ್ಲೇ ಅಕ್ಕಿ ಆರಿಸುತ್ತಿದ್ದಳು. ವಿಷ ಎಂದರೆ ಆಗಲೇ ಎರಡನ್ನೂ ತಿಪ್ಪೆಗೆ ಎಸೆದುಬಿಡುವಳು.

"ಅದ್ಕೆ ಜಂಬ ಜಾಸ್ತಿ," ಎಂದು ನಕ್ಕುಬಿಟ್ಟ.

ಪಟ್ಟಲಮ್ಮನ ಮಗಳು ಮಾಯಮ್ಮ ತವರಲ್ಲಿ ಹೆತ್ತ ಮೇಲೆ ಒಂದು ಮಧ್ಯಾಹ್ನ ಗೌಸ್ ಪೀರ್ ಊಟಕ್ಕೆ ಬಂದರೆ, ಮೊಳೆಯಲ್ಲಿ ಒಂದೇ ಮೀನು.

"ಮಾಯಂಗೆ ಹಾಲು ಸಾಲ್ದಂತೆ. ಬಾಣಂತಿಗೆ ಒಣಮೀನ್ ಸಾರು ಒಳ್ಳೇದಲ್ವಾ, ಒಂದು ಕೊಟ್ಟೆ," ಎಂದಳು ಸುಲ್ತಾನ್ ಬೀ.

ಉಳಿದ ಮೀನಿನ ಬೆನ್ನು ಸವರಿ ನೋಡಿದ. ಉದ್ದಕ್ಕೂ ರೆಕ್ಕೆ. ಅಸಲಿಗೆ ಬಾಲದ ಹತ್ತಿರ ಗಿಡ್ಡ ರೆಕ್ಕೆ ಮಾತ್ರ. ಉಳಿದದ್ದು ನಕಲಿ.

ಓಡಿದ. ಮಾಯಮ್ಮನ ಮುಂದಿದ್ದ ಮುದ್ದೆ-ಸಾರಿನ ತಟ್ಟೆ ಕಿತ್ತು ಅಂಗಳಕ್ಕೆಸೆದ.

"ಬಾಣಂತಿ ತಟ್ಟೆ ಕಿತ್ಕತೀಯೇನ್ಲಾ, ಮೂದೇವಿ!" ಪಟ್ಟಲಮ್ಮ ಕೂಗಿದಳು.

"ವಿಷ ಕಣಕ್ಕ!"

"ಎರಡು ತುತ್ತು ತಿಂದೆ ಕಣಣ್ಣ," ಮಾಯಮ್ಮ ಬಾಯಿ ಸವರಿಕೊಂಡಳು. "ತುಟಿ ಜುಮ್ ಅಂತಾವೆ."

ಶುರುವಾಗುವುದೇ ತುಟಿಯಿಂದ ಎಂದು ಸಿಲೋನಿನ ಬೆಸ್ತರು ಹೇಳಿದ್ದರು. ಮದ್ದಿಲ್ಲ ಎಂದೂ ಹೇಳಿದ್ದರು. ಡಾಕ್ಟರನ್ನು ಕರೆತಂದ. ಅವರು ವಾಂತಿ ಮಾಡಿಸಿ ಪಕ್ಕದಲ್ಲೇ ಕೂತರು. ಹೊತ್ತು ಇಳಿಯುವಷ್ಟರಲ್ಲಿ ಜುಮ್ಮು ನಿಂತಿತು. "ಸದ್ಯಕ್ಕೆ ಮಗುವಿಗೆ ಮೊಲೆ ಕೊಡಬೇಡಿ," ಎಂದು ಹೇಳಿ ಎದ್ದರು.

"ನನ್ ಕೈಯಾರೆ ಕೊಟ್ನಲ್ಲ ಪಟ್ಟಲಮ್ಮ!" ಸುಲ್ತಾನ್ ಬೀ ಹಣೆ ಬಡಿದುಕೊಂಡಳು.

"ನಿಂಗೇನ್ ಗೊತ್ತಿತ್ತು ಬುಡು. ನಿನ್ ಮಗ ಓಡ್ಬಂದಿದ್ಕೆ ನನ್ ಮಗಳು ಉಳುದ್ಲು."

ಗೌಸ್ ಪೀರ್ ಪಟ್ಟಲಮ್ಮನ ಮುಂದೆ ಬಂದು ನಿಂತ.

"ನಂಗೆ ಗೊತ್ತಿತ್ತಕ್ಕ. ಅವತ್ತು ನೀ ಕೇಳ್ದಾಗ್ಲೇ ಗೊತ್ತಿತ್ತು."

ಪಟ್ಟಲಮ್ಮ ಅವನನ್ನೇ ನೋಡಿದಳು. ಒಳಗೆ ಮಗು ಕಿರುಚುತ್ತಿತ್ತು.

"ನಿನ್ನ ಬಯ್ಕಂಡು ಕೂತ್ರೆ ಅದ್ರ ಒಟ್ಟೆ ತುಂಬ್ತದಾ? ಓಗು, ಆಲೂಡ್ಸೋ ತಾಯಿ ಯಾರಾದ್ರೂ ಸಿಕ್ತಾರಾ ನೋಡು."

ಮೊದಲ ಬಾಗಿಲಲ್ಲೇ ಚಿಕ್ಕಬೋರಮ್ಮ, ಕಂಕುಳಲ್ಲಿ ಕೂಸು. "ಬತ್ತೀನಿ ನಡಿ. ಅಲ್ಲಾ, ಮಾಯಮ್ಮನ್ ಆಲಿಗೇನಾಯ್ತಪ್ಪ?"

ಗೌಸ್ ಪೀರ್ ಮೀನಿನ ಕಥೆ ಮೊದಲಿಂದ ಹೇಳಿದ, ಅವತ್ತು ನುಂಗಿದ್ದ ಮಾತನ್ನೂ ಸೇರಿಸಿ.